ಹೆಸರು ಬರೆಯದ ಪೆಟ್ಟಿಗೆಗಳು

ಪೀಬಲ್ಸ್ ಮನೆಯಲ್ಲಿ ಅತ್ತೆ ಸೊಸೆ ನೇರ ಮಾತು ಬಿಟ್ಟು ಮೂರು ವಾರವಾಗಿತ್ತು. ಅಡುಗೆಮನೆ ಒಂದೇ, ಒಲೆ ಒಂದೇ. ಮಾತು ಮಾತ್ರ ನಡುವೆ ಕೂತ ಮಕ್ಕಳ ತಲೆಯ ಮೇಲಿಂದ ಹಾಯಬೇಕು.

"ಟಿಯಾನಾ, ನಿಮ್ಮಜ್ಜಿಗೆ ಹೇಳು. ಸೊಪ್ಪಿಗೆ ಉಪ್ಪು ನಾನು ಹಾಕಿದೀನಿ, ಅವರು ಇನ್ನೊಂದು ಸಲ ಹಾಕೋದು ಬೇಡ."

"ಟಿಯಾನಾ, ನಿಮ್ಮಮ್ಮನಿಗೆ ಹೇಳು. ನನ್ನ ನಾಲಿಗೆ ಇನ್ನೂ ಸತ್ತಿಲ್ಲ. ಉಪ್ಪು ಎಷ್ಟಿದೆ ಅಂತ ಗೊತ್ತಾಗುತ್ತೆ."

"ನಾನೇನು ಪೋಸ್ಟ್‌ಮ್ಯಾನಾ?" ಎಂದು ಹದಿನೈದರ ಟಿಯಾನಾ ತಟ್ಟೆ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು. ಆಗ ಆ ಕೆಲಸ ಅವಳ ಅಣ್ಣ ಮಾರ್ಕೆಲ್‌ಗೆ ಬೀಳುತ್ತಿತ್ತು. ಇಪ್ಪತ್ತೆರಡರ ಹುಡುಗ, ಟೈರ್ ಅಂಗಡಿಯಲ್ಲಿ ದಿನವೆಲ್ಲ ದುಡಿದು ಬರುವವನು. ಅವನು ಯಾರ ಮಾತನ್ನೂ ಯಾರಿಗೂ ಮುಟ್ಟಿಸುತ್ತಿರಲಿಲ್ಲ, ಇಬ್ಬರ ಮೇಲೂ ರೇಗುತ್ತಿದ್ದ. "ಒಂದು ಹಾಳು ಪುಸ್ತಕಕ್ಕೆ ಇಷ್ಟೆಲ್ಲಾನಾ? ಸುಟ್ಟಾಕಿ ಅದನ್ನ."

ಆ ಹಾಳು ಪುಸ್ತಕದ ಹೆಸರು 'ರಾಳದ ಕಾಡು'. ಇದೇ ನಾರ್ತ್ ಕ್ಯಾರೊಲಿನಾದ ಬಿಳಿಯನೊಬ್ಬ ನೂರು ವರ್ಷದ ಹಿಂದೆ ಬರೆದ ಕಾದಂಬರಿ. ಪೈನ್ ಮರ ಕೆತ್ತಿ ರಾಳ ಇಳಿಸುವ ಜೂನಸ್ ಎಂಬ ಕಪ್ಪು ಕೂಲಿಯ ಕಥೆ. ದೇಶದ ದೊಡ್ಡ ಪುಸ್ತಕಗಳಲ್ಲಿ ಒಂದು ಎಂದು ಊರಿನ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಗೆ ತಲೆಮಾರುಗಳಿಂದ ಇಟ್ಟುಕೊಂಡು ಬಂದಿದ್ದರು. ಅದರೊಳಗೆ ಜೂನಸ್‌ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಬಿಳಿಯರು ಕಪ್ಪು ಜನರ ಮುಖಕ್ಕೆ ಎಸೆಯುತ್ತಿದ್ದ ಆ ಒಂದು ಬೈಗುಳವೇ ಪುಟ ಪುಟಕ್ಕೂ.

ತರಗತಿಯಲ್ಲಿ ಸರದಿಯ ಮೇಲೆ ಗಟ್ಟಿಯಾಗಿ ಓದಿಸುತ್ತಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ಸರದಿ ಬಂದಾಗ ಆ ಪದವನ್ನು ಅವನು ಐಸ್‌ಕ್ರೀಮ್ ಚೀಪಿದ ಹಾಗೆ ಎಳೆದು ಎಳೆದು ಓದಿದ. ಪ್ರತಿ ಸಲವೂ ತಿರುಗಿ ಟಿಯಾನಾಳ ಮುಖ ನೋಡಿದ. ನಾಲ್ಕು ಜನ ನಕ್ಕರು. ಮೇಡಂ "ಪುಸ್ತಕದಲ್ಲಿ ಇರೋದನ್ನೇ ಓದ್ತಿದಾನೆ" ಎಂದರು. ಮಗಳು ಮನೆಗೆ ಬಂದು ಊಟ ಬಿಟ್ಟಳು. ತಾಯಿ ಕಾರ್ಲೆಟಾ ದಿನಸಿ ಅಂಗಡಿಯ ಕೆಲಸದಿಂದ ಬಂದವಳೇ ಏಪ್ರನ್ನೂ ಬಿಚ್ಚದೆ ಕೂತು ಶಾಲಾ ಮಂಡಳಿಗೆ ಎರಡು ಪುಟದ ಆಕ್ಷೇಪ ಬರೆದಳು. ಟಿಯಾನಾಳ ಪ್ರತಿ ಇಸಿದುಕೊಂಡು, ಪೆನ್ಸಿಲ್ ಹಿಡಿದು ಆ ಪದವನ್ನು ಎಣಿಸಿದಳು. ತೊಂಬತ್ತೊಂದು ಸಲ.

"ಅಮ್ಮ ಪುಸ್ತಕ ಓದ್ತಿಲ್ಲ, ಹೇನು ಹೆಕ್ತಿದಾಳೆ" ಎಂದಳು ಟಿಯಾನಾ. "ನನ್ನ ಕೇಳಿದ್ರಾ ಯಾರಾದ್ರೂ, ನನಗೇನು ಬೇಕು ಅಂತ?"

ಅಪ್ಪನ ತಾಯಿ ಒಡೆಸ್ಸಾ ಆಗಲೇ ಸೊಸೆಯ ಜೊತೆ ಕೊನೆಯ ನೇರ ಮಾತಾಡಿದ್ದು. "ನಮ್ಮಪ್ಪ ರಾಳದ ಕಾಡಲ್ಲೇ ಸತ್ತ. ಅವನಂಥವನು ಒಬ್ಬ ಇದ್ದ ಅಂತ ಇನ್ಯಾವ ಪುಸ್ತಕದಲ್ಲಿ ಬರೆದಿದೆ, ತೋರ್ಸು. ನೀನು ಆ ಪದ ತೆಗೆಸ್ತಿಲ್ಲ ಕಣೆ, ಜೂನಸ್‌ನ ತೆಗೆಸ್ತಿದೀಯ."

"ಅದಕ್ಕೆ ನನ್ನ ಮಗಳು ಬೈಸಿಕೊಂಡು ಬರಬೇಕಾ, ಮಿಸ್ ಒಡೆಸ್ಸಾ?"

ಮನಸ್ಸು ಸರಿಯಿದ್ದಾಗ ಅವಳು ಅತ್ತೆಯನ್ನು ಅಮ್ಮ ಎನ್ನುತ್ತಿದ್ದಳು. 'ಮಿಸ್ ಒಡೆಸ್ಸಾ' ಬಂತೆಂದರೆ ಬಾಗಿಲು ಮುಚ್ಚಿತು ಎಂದೇ ಅರ್ಥ.

ಅದೇ ವಾರ ಇನ್ನೊಂದು ಆಕ್ಷೇಪವೂ ಮಂಡಳಿಗೆ ಬಂತು. ಬರೆದವಳು ಮಿಸೆಸ್ ಸ್ಟಾಲಿಂಗ್ಸ್. ದಿನಸಿ ಅಂಗಡಿಯಲ್ಲಿ ಕಾರ್ಲೆಟಾಳ ಕೈಯಿಂದ ಚಿಲ್ಲರೆ ತೆಗೆದುಕೊಳ್ಳುವಾಗ ಒಂದು ದಿನವೂ ಕತ್ತೆತ್ತಿ ನೋಡದವಳು. ಅವಳ ದೂರೇ ಬೇರೆ. ಕಾದಂಬರಿಯಲ್ಲಿ ಜೂನಸ್‌ಗೆ ಅನ್ಯಾಯ ಮಾಡುವವರೆಲ್ಲ ಊರಿನ ಮರ್ಯಾದಸ್ಥ ಬಿಳಿಯರು, ಪಾದ್ರಿ, ಅಂಗಡಿಯವನು, ಷೆರಿಫ್. ಇದನ್ನು ಓದಿದರೆ ನಮ್ಮ ಮಕ್ಕಳು ತಮ್ಮ ಅಜ್ಜಂದಿರ ಬಗ್ಗೆ ನಾಚಿಕೆಪಡುತ್ತಾರೆ ಎಂದು ಅವಳ ವಾದ. ಮಂಡಳಿ ಎರಡನ್ನೂ ಒಂದೇ ಕಡತಕ್ಕೆ ಹಾಕಿ, ಏಳು ಜನರ ಸಮಿತಿ ಓದಿ ತೀರ್ಮಾನಿಸುವ ತನಕ ಪುಸ್ತಕವನ್ನು ಬೀಗ ಹಾಕಿಡಿ ಎಂದಿತು.

"ನಿನಗೂ ಸ್ಟಾಲಿಂಗ್ಸಮ್ಮನಿಗೂ ಒಂದೇ ಕಡತ" ಎಂದು ಮಾರ್ಕೆಲ್ ಕುಟುಕಿದ. "ಇನ್ಮೇಲೆ ಭಾನುವಾರ ಊಟಕ್ಕೂ ಕರೆದುಬಿಡು."

"ಮಾರ್ಕೆಲ್, ಬಾಯಿ ಮುಚ್ಕೊಂಡು ತಿನ್ನು."

ಬೀಗ ಹಾಕಬೇಕಾದವನು ಅಪ್ಪ ಆಲ್ಟನ್. ಆ ಶಾಲೆಯ ನೆಲ, ಕಸ, ಬಾಯ್ಲರ್, ಬೀಗದಕೈ ಎಲ್ಲ ಇಪ್ಪತ್ತೊಂಬತ್ತು ವರ್ಷದಿಂದ ಅವನ ಕೈಯಲ್ಲಿ. ಪಿಂಚಣಿಗೆ ಹನ್ನೊಂದು ತಿಂಗಳು ಬಾಕಿ. ಗ್ರಂಥಾಲಯದ ಮಿಸ್ ಐಪಾಕ್ ಮೂವತ್ತಾರು ಪ್ರತಿಗಳನ್ನು ಎರಡು ಬಾಳೆಹಣ್ಣಿನ ಪೆಟ್ಟಿಗೆಗೆ ತುಂಬಿ ಪೆನ್ನು ತೆಗೆದಾಗ ಹೆಡ್‌ಮಾಸ್ಟರ್ ಹ್ಯಾಲೋವೆಲ್ ಅವಳ ಕೈ ತಡೆದ. "ಏನೂ ಬರೀಬೇಡಿ. ಯಾರಾದ್ರೂ ಫೋಟೋ ತೆಗೆದು ಫೋನಿಗೆ ಹಾಕ್ತಾರೆ." ಹೆಸರಿಲ್ಲದ ಎರಡು ಪೆಟ್ಟಿಗೆ ಹಿಂದಿನ ಉಗ್ರಾಣಕ್ಕೆ ಹೋದವು.

ಅಲ್ಲಿ ಆಗಲೇ ಹನ್ನೊಂದು ಬಾಳೆಹಣ್ಣಿನ ಪೆಟ್ಟಿಗೆಗಳಿದ್ದವು. ಚಂಡಮಾರುತ ಬಂದಾಗ ಚರ್ಚಿನ ನೆಲಮಾಳಿಗೆಗೆ ನೀರು ನುಗ್ಗಿ, ಹೆಂಗಸರ ಸಂಘದವರು ಹಳೇ ಸಾಮಾನಿನ ಮಾರಾಟಕ್ಕೆ ಕೂಡಿಟ್ಟ ಬಟ್ಟೆ, ಬೂಟು, ಪಾತ್ರೆಗೆಲ್ಲ ಜಾಗವಿಲ್ಲದೆ ಹೋದಾಗ ಆಲ್ಟನ್ ಯಾರನ್ನೂ ಕೇಳದೆ ಅವನ್ನು ಶಾಲೆಯ ಉಗ್ರಾಣಕ್ಕೆ ತಂದಿಟ್ಟಿದ್ದ. ಕೇಳಿದ್ದರೆ ಬೇಡ ಎನ್ನುತ್ತಿದ್ದರು, ಅದಕ್ಕೇ ಕೇಳಿರಲಿಲ್ಲ.

ಮಾರಾಟದ ಶನಿವಾರ ಬೆಳಿಗ್ಗೆ ಆಲ್ಟನ್‌ಗೆ ಸೊಂಟ ಹಿಡಿದಿತ್ತು. ಮಗನಿಗೆ ಬೀಗದಕೈ ಕೊಟ್ಟು ಹೇಳಿದ, "ಶಾಲೆ ಸಾಮಾನಿನ ಮೇಲೆಲ್ಲ ಬರೆದಿರುತ್ತೆ. ಏನೂ ಬರೀದೇ ಇರೋದೆಲ್ಲ ಚರ್ಚಿನದು. ಹೇರ್ಕೊಂಡು ಹೋಗು."

ಇಪ್ಪತ್ತೊಂಬತ್ತು ವರ್ಷ ಆ ಮಾತು ಸುಳ್ಳಾಗಿರಲಿಲ್ಲ, ಹೊಸದಾಗಿ ಬಂದ ಎರಡು ಪೆಟ್ಟಿಗೆ ನೋವಿನಲ್ಲಿ ಅವನಿಗೆ ನೆನಪಾಗಲಿಲ್ಲ. ಮಾರ್ಕೆಲ್ ಬರೆಯದ ಪೆಟ್ಟಿಗೆಗಳನ್ನೆಲ್ಲ ಪಿಕಪ್‌ಗೆ ಹೇರಿ ಚರ್ಚಿನ ಹುಲ್ಲಿನ ಮೇಲೆ ಇಳಿಸಿ, ಅಲ್ಲೇ ಮಾರುತ್ತಿದ್ದ ಕರಿದ ಮೀನಿನ ಒಂದು ತಟ್ಟೆ ಕಟ್ಟಿಸಿಕೊಂಡು ಮನೆಗೆ ಬಂದ.

*

ಭಾನುವಾರ ಚರ್ಚಿನಲ್ಲಿ ಹಾಡಿಗೆ ಎದ್ದು ನಿಂತಾಗ ಆಲ್ಟನ್ ಅದನ್ನು ಮೊದಲು ಕಂಡದ್ದು ಮುಂದಿನ ಸಾಲಿನಲ್ಲಿದ್ದ ಚರ್ಚಿನ ಹಿರಿಯ, ಡೀಕನ್‌ನ ಕೈಯಲ್ಲಿ. ಹಾಡಿನ ಪುಸ್ತಕದೊಳಗೆ ಇನ್ನೊಂದು ಪುಸ್ತಕ, ಅದರ ಬೆನ್ನ ಮೇಲೆ ಶಾಲೆಯ ಮೊಹರು. ಬಲಕ್ಕೆ ನೋಡಿದ, ಒಬ್ಬಳ ಕೈಚೀಲದಿಂದ ಇಣುಕುತ್ತಿತ್ತು. ಎಡಕ್ಕೆ ನೋಡಿದ, ಬೀಸಣಿಗೆ ಇಡುವ ಜಾಗದಲ್ಲಿ ಇನ್ನೊಂದು. ಹಾಡು ಮುಗಿದರೂ ಅವನು ಕೂರಲಿಲ್ಲ. ಕಾರ್ಲೆಟಾ ಕೋಟಿನ ತುದಿ ಹಿಡಿದು ಎಳೆಯಬೇಕಾಯಿತು.

ಮನೆಗೆ ಬಂದವನು ನೇರ ಅಂಗಳಕ್ಕೆ, ಪಿಕಪ್ ತೊಳೆಯುತ್ತಿದ್ದ ಮಗನ ಹತ್ತಿರ ಹೋದ. ಮಾರ್ಕೆಲ್ ಚರ್ಚಿಗೆ ಹೋಗುವುದನ್ನು ಬಿಟ್ಟು ಬಹಳ ದಿನವಾಗಿತ್ತು.

"ಎಷ್ಟು ಪೆಟ್ಟಿಗೆ ಹೇರಿದೆ?"

"ಹದಿಮೂರು."

"ನಮ್ಮದು ಹನ್ನೊಂದು ಕಣೋ."

"ನೀನೇ ತಾನೇ ಹೇಳಿದ್ದು, ಬರೀದೇ ಇರೋದೆಲ್ಲ..."

ಆಲ್ಟನ್ ಪಿಕಪ್‌ನ ಒದ್ದೆ ಹಿಂಬಾಗಿಲ ಮೇಲೆ ಭಾನುವಾರದ ಪ್ಯಾಂಟಿನಲ್ಲೇ ಕೂತುಬಿಟ್ಟ. "ಬರುವ ಶುಕ್ರವಾರ ಬಿಟ್ಟು ಅದರಾಚೆ ಶುಕ್ರವಾರ ಸಮಿತಿಗೆ ಪ್ರತಿ ಕೊಡೋಕೆ ಪೆಟ್ಟಿಗೆ ತೆಗೆದು ಎಣಿಸ್ತಾರೆ. ಮೂವತ್ತಾರು ಇರಬೇಕು. ಕಮ್ಮಿ ಬಂದ್ರೆ ಎಲ್ಲಿಗೋಯ್ತು ಅಂತಾರೆ. ಆಗ ಚರ್ಚಿನ ಪೆಟ್ಟಿಗೆ ವಿಷಯಾನೂ ಹೊರಗೆ ಬರುತ್ತೆ. ಹನ್ನೊಂದು ತಿಂಗಳು, ಮಗಾ. ಹನ್ನೊಂದೇ ತಿಂಗಳು ಇತ್ತು."

ಗುಟ್ಟು ಊಟದ ಮೇಜಿನವರೆಗೂ ಬಾಳಲಿಲ್ಲ. ಅಂದು ಕೋಳಿ, ಸೊಪ್ಪು, ಜೋಳದ ಬ್ರೆಡ್ಡು ಎಲ್ಲ ಇತ್ತು. ಯಾರೂ ಬಡಿಸಿಕೊಳ್ಳಲಿಲ್ಲ.

"ಬೀಗ ಹಾಕ್ಸಿದ್ದು ನಾನು!" ಕಾರ್ಲೆಟಾ ಚಮಚವನ್ನು ಮೇಜಿಗೆ ಕುಕ್ಕಿದಳು. "ನನ್ನ ಹೊಟ್ಟೇಲಿ ಹುಟ್ಟಿದ ಮಗ ಅದನ್ನ ಚರ್ಚಿನ ಮುಂದೆ ಕಾಲು ಡಾಲರಿಗೆ ಒಂದರಂತೆ ಮಾರಿಸಿ ಬಂದಿದಾನೆ!"

"ಅದೂ ಹನ್ನೊಂದು ಗಂಟೆ ಒಳಗೆ ಖಾಲಿ" ಎಂದಳು ಅಜ್ಜಿ. "ಶಾಲೆಯೋರು ಬಚ್ಚಿಟ್ಟಿದ್ರಲ್ಲ, ಅದೇ ಪುಸ್ತಕ ಅಂತ ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ, ಮೀನಿನ ಸಾಲಿಗಿಂತ ಆ ಸಾಲೇ ಉದ್ದ ಇತ್ತಂತೆ." ಹೇಳುತ್ತಾ ಹೇಳುತ್ತಾ ನಗು ತಡೆಯಲಾರದೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು.

"ನಗಬೇಡಮ್ಮ, ನನ್ನ ಕೆಲಸ ಹೋಗುತ್ತೆ" ಎಂದ ಆಲ್ಟನ್.

"ಹೋಗ್ಲಿ ಬಿಡು!" ಮಾರ್ಕೆಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಇಪ್ಪತ್ತೊಂಬತ್ತು ವರ್ಷ ಅವರ ಪಾಯಿಖಾನೆ ತೊಳೆದವನು ನೀನು. ಎರಡು ಪೆಟ್ಟಿಗೆಗೆ ಕೆಲಸದಿಂದ ತೆಗೀತಾರೆ ಅಂದ್ರೆ ತೆಗೀಲಿ! ಆ ಪುಸ್ತಕ ಈ ಮನೆಗೆ ಮಾಡಿದ್ದು ಸಾಲದಾ? ನಾನು ಶಾಲೆ ಬಿಟ್ಟಿದ್ದು ಯಾತಕ್ಕೆ ಅಂದ್ಕೊಂಡಿದೀರ?"

"ಲೆಕ್ಕ ಬರಲ್ಲ ಅಂತ" ಎಂದಳು ಟಿಯಾನಾ.

"ಲೆಕ್ಕ ಅಲ್ಲ. ಇದೇ ಪುಸ್ತಕ. ಜೂನಸ್‌ನ ಮಾತು ಬಂದಾಗ ಆ ಮೇಡಂ ಇಡೀ ಕ್ಲಾಸು ಬಿಟ್ಟು ನನ್ನ ಕಡೆ ಬೆರಳು ತೋರಿಸಿ, ನೀನು ಓದಪ್ಪ, ನಿನ್ನ ದನಿಗೆ ಒಪ್ಪುತ್ತೆ ಅಂದ್ಲು. ಪುಸ್ತಕ ಮುಚ್ಚಿ ಎದ್ದು ಬಂದೆ. ಮತ್ತೆ ಆ ಕಡೆ ತಿರುಗಿ ನೋಡ್ಲಿಲ್ಲ."

ಕೋಳಿ ಆರುತ್ತಿತ್ತು. ಆರು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದವನ ಮುಖ ನೋಡಲು ಆಲ್ಟನ್‌ಗೆ ಆಗಲಿಲ್ಲ. ಅದೇ ಶಾಲೆಯ ಅದೇ ಕಾರಿಡಾರನ್ನು ಅವನು ಅಂದೂ ಒರೆಸಿದ್ದ.

"ಟಿಯಾನಾ, ನಿಮ್ಮಜ್ಜಿಗೆ ಹೇಳು" ಎಂದಳು ಕಾರ್ಲೆಟಾ. "ಈಗ್ಲಾದ್ರೂ ಅರ್ಥ ಆಯ್ತಾ ಅಂತ ಕೇಳು."

ಅಜ್ಜಿ ಕರವಸ್ತ್ರ ಮಡಚಿದಳು. "ಅದು ಮೇಡಂ ಮಾಡಿದ್ದು ಕಣೋ ಮಾರ್ಕೆಲ್. ಜೂನಸ್ ನಿನಗೇನು ಮಾಡಿದ?"

"ಓದಿದ್ರೆ ತಾನೇ ಗೊತ್ತಾಗೋದು!"

"ಅದೇ ನಾನೂ ಹೇಳ್ತಿರೋದು."

ಮಾರ್ಕೆಲ್ ಬಾಗಿಲು ಬಡಿದುಕೊಂಡು ಹೊರಗೆ ಹೋದ. ಹತ್ತು ನಿಮಿಷ ಬಿಟ್ಟು ಒಳಗೆ ಬಂದು, ತಟ್ಟೆಗೆ ಕೋಳಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಕೇಳಿದ. "ಯಾರು ಯಾರು ತಗೊಂಡ್ರು ಅಂತ ಯಾರಿಗೆ ಗೊತ್ತು?"

*

ಗೊತ್ತಿದ್ದದ್ದು ಚರ್ಚಿನ ಹೆಂಗಸರ ಸಂಘದ ಸಿಸ್ಟರ್ ವರ್ನೆಲ್‌ಗೆ. ಪುಸ್ತಕದ ಮೇಜಿಗೆ ಕೂತವಳು ಅವಳೇ. ನಲವತ್ತು ವರ್ಷದಿಂದ ಚರ್ಚಿನಲ್ಲಿ ಯಾರು ಯಾವ ಟೋಪಿ ಹಾಕಿದ್ದರು ಎಂಬುದನ್ನೂ ಮರೆಯದ ಹೆಂಗಸು. ಒಂದೂ ತಡವರಿಸದೆ ಹೆಸರು ಹೇಳುತ್ತಾ ಹೋದಳು, ಮಾರ್ಕೆಲ್ ಟೈರಿನ ರಸೀದಿಯ ಹಿಂಬದಿಯಲ್ಲಿ ಬರೆದುಕೊಂಡ.

ಅವತ್ತಿನಿಂದ ಅಂಗಡಿ ಮುಚ್ಚಿದ ಮೇಲೆ ಊರು ತಿರುಗುವುದೇ ಅವನ ಕೆಲಸವಾಯಿತು. ಸುಡಬೇಕು ಎಂದಿದ್ದ ಪುಸ್ತಕವನ್ನು ಮನೆ ಮನೆಗೆ ಹೋಗಿ ಕೈಚಾಚಿ ಕೇಳಬೇಕು. ಒಬ್ಬರಾದರೂ ಸುಮ್ಮನೆ ಕೊಟ್ಟರೆ ಕೇಳಿ.

ಕ್ಷೌರದ ಅಂಗಡಿಯಲ್ಲಿ ಒಂದೇ ಪ್ರತಿಯನ್ನು ಮೂವರು ಓದುತ್ತಿದ್ದರು. ಕತ್ತರಿ ಹಿಡಿದವನು, "ಇನ್ನೊಂದು ಅಧ್ಯಾಯ ಇದೆ, ಕೂತ್ಕೋ. ಹಾಗೇ ತಲೇನೂ ಕೊಡು, ಕಾಡು ಬೆಳೆದ ಹಾಗೆ ಬೆಳೆದಿದೆ" ಎಂದ. ಕುರ್ಚಿಯಲ್ಲಿ ಕೂತವನು, "ಜೂನಸ್ ಓಡಿಹೋಗಬೇಕಿತ್ತು" ಎಂದ. ಕಾಯುತ್ತಿದ್ದವನು, "ಹೆಂಡ್ತಿ ಬಿಟ್ಟು ಎಲ್ಲಿಗೆ ಓಡ್ತಾನೆ? ನೀನಾದ್ರೆ ಓಡ್ತಿದ್ದೆ, ಗೊತ್ತು" ಎಂದ. ಮಾರ್ಕೆಲ್ ಕ್ಷೌರ ಮಾಡಿಸಿಕೊಂಡು, ಕೂದಲು ಉದುರಿದ ಪುಸ್ತಕ ತೆಗೆದುಕೊಂಡು ಬಂದ.

ಒಬ್ಬಳು ಮಕ್ಕಳ ಕಣ್ಣಿಗೆ ಬೀಳಬಾರದೆಂದು ಕಂದು ಕಾಗದದ ಹೊದಿಕೆ ಹಾಕಿದ್ದಳು. ಇನ್ನೊಬ್ಬಳ ಪ್ರತಿಯ ನಡುವೆ ಸಿಹಿಗೆಣಸಿನ ಪಾಕ ಅಂಟಿತ್ತು. ಡೀಕನ್ ಪುಸ್ತಕ ಕೊಟ್ಟ, ಆದರೆ ಮೊದಲು ಮುಕ್ಕಾಲು ಗಂಟೆ ಬೈದ. ಪುಸ್ತಕಕ್ಕಲ್ಲ, ಚರ್ಚಿಗೆ ಬಾರದ್ದಕ್ಕೆ. ಊರಾಚೆ ತೊಂಬತ್ತೊಂದು ವರ್ಷದ ಒಬ್ಬ ಮುದುಕನಿಗೆ ಮೊಮ್ಮಗಳು ಓದಿ ಹೇಳುತ್ತಿದ್ದಳು. ಹುಡುಗನಾಗಿದ್ದಾಗ ಜಾರ್ಜಿಯಾಕ್ಕೆ ಹೋಗಿ ರಾಳ ಇಳಿಸಿದ್ದವನು.

"ಬರೆದೋನಿಗೆ ಏನೂ ಗೊತ್ತಿಲ್ಲ" ಎಂದ ಮುದುಕ. "ಕೊಡಲೀಲಿ ಯಾರಾದ್ರೂ ಮರ ಕೆತ್ತುತಾರಾ? ಅದಕ್ಕೆ ಬೇರೆ ಉಳಿ ಇರುತ್ತೆ, ಹಿಡಿ ಕೊನೇಲಿ ಕಬ್ಬಿಣದ ಗುಂಡು. ಆದ್ರೆ ಹೊಟ್ಟೆಗಿಲ್ಲದೆ ಮಲಗೋದು ಹೆಂಗಿರುತ್ತೆ ಅಂತ ಬರೆದಿದಾನಲ್ಲ, ಅದು ಸರಿ ಇದೆ. ಯಾರೋ ಹೇಳ್ಕೊಟ್ಟಿರಬೇಕು." ಪುಸ್ತಕ ಕೊಡುವಾಗ ಕೈ ಬಿಡಲಿಲ್ಲ. "ಕೊನೇಲಿ ಏನಾಯ್ತು ಅಂತ ನಿನಗೆ ಗೊತ್ತಾ?"

"ನಾನು ಓದಿಲ್ಲ, ತಾತ."

"ಓದ್ದೇ ಇರೋದನ್ನ ಯಾಕೆ ಕಿತ್ಕೊಂಡು ಹೋಗ್ತೀಯ?"

ಮರುದಿನ ಟೈರ್ ಅಂಗಡಿಯಲ್ಲಿ ಊಟದ ಹೊತ್ತಿಗೆ ಮಾರ್ಕೆಲ್ ಪಿಕಪ್‌ನಲ್ಲಿ ಕೂತು, ಗ್ರೀಸ್ ಹತ್ತದ ಹಾಗೆ ಕೈಗೆ ಬ್ರೆಡ್ಡಿನ ಕಾಗದ ಸುತ್ತಿಕೊಂಡು ಮೊದಲ ಪುಟ ತೆರೆದ. ಎದ್ದು ಬಂದ ಆ ಪುಟ ಬಂದಾಗ ಹಲ್ಲು ಕಚ್ಚಿ ದಾಟಿದ. ವಾರ ಕಳೆಯುವುದರೊಳಗೆ ಇನ್ನೂರ ಹನ್ನೆರಡನೆಯ ಪುಟಕ್ಕೆ ಬಂದಿದ್ದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಪೆಟ್ಟಿಗೆ ತುಂಬುತ್ತಾ ಬಂತು. ಆಲ್ಟನ್‌ಗೆ ಮಾತ್ರ ಅನ್ನ ನೀರು ಸೇರುತ್ತಿರಲಿಲ್ಲ. ಬೆಳಿಗ್ಗೆ ಜೋಳದ ನುಚ್ಚಿನ ಗಂಜಿ ಮುಂದಿಟ್ಟುಕೊಂಡು "ಎಷ್ಟಾಯ್ತು?" ಎನ್ನುವನು. ಇಪ್ಪತ್ತಾರು ಎಂದರೆ ಒಂದು ಚಮಚ, ಮೂವತ್ತು ಎಂದರೆ ಎರಡು.

ಎಣಿಕೆಯ ಹಿಂದಿನ ದಿನ, ಗುರುವಾರ ಸಂಜೆ, ಮೂವತ್ತೈದು ಆಗಿತ್ತು. ಪಟ್ಟಿಯ ಹೆಸರುಗಳೆಲ್ಲ ಮುಗಿದಿದ್ದವು. ಮಾರ್ಕೆಲ್ ಮತ್ತೆ ವರ್ನೆಲ್ ಮನೆಗೆ ಹೋಗಿ ಬಾಗಿಲು ಬಡಿದ.

"ಇನ್ನೊಂದು ಯಾರಿಗೆ ಮಾರಿದೆ, ನೆನಪು ಮಾಡ್ಕೋ ಸಿಸ್ಟರ್. ನಮ್ಮಪ್ಪನ ಕೆಲಸದ ಪ್ರಶ್ನೆ."

"ಮಾರಿದ್ದೆಲ್ಲ ಹೇಳಿದೀನಿ. ಮೂವತ್ತಾರನೇದು ನಾನು ಮಾರ್ಲಿಲ್ಲ. ಅಂಗಡಿ ಹಾಕೋ ಮುಂಚೇನೇ ಒಬ್ಬರು ದುಡ್ಡೂ ಕೊಡದೆ ಚೀಲಕ್ಕೆ ಹಾಕ್ಕೊಂಡು ಹೋದ್ರು."

"ಯಾರು?"

"ನನ್ನ ಬಾಯಿಂದ ಯಾಕೆ? ಮನೆಗೆ ಹೋಗಿ ನಿಮ್ಮಜ್ಜೀನ ಕೇಳು."

*

ಊಟಕ್ಕೆ ಕೂತಿದ್ದರು. ಮಾರ್ಕೆಲ್ ನಿಂತೇ ಕೇಳಿದ. "ಅಜ್ಜಿ, ಎಲ್ಲಿ?"

"ಏನು ಎಲ್ಲಿ?"

"ಎರಡು ವಾರ ನಾನು ನಾಯಿ ಥರ ಊರೆಲ್ಲ ಅಲೆದೆ. ನೀನು ಇಲ್ಲೇ ಕೂತು ಬೀನ್ಸ್ ನಾರು ತೆಗೀತಾ ಇದ್ದೆ!"

ಆಲ್ಟನ್ ತಾಯಿಯ ಮುಖ ನೋಡಿದ. "ಅಮ್ಮಾ!"

"ಕೊಡ್ತಿದ್ದೆ ಕಣೋ, ನಾಳೆ ಬೆಳಿಗ್ಗೆ. ನನ್ನ ಕೆಲಸ ಇನ್ನೂ ಮುಗಿದಿರಲಿಲ್ಲ" ಎಂದು ಅಜ್ಜಿ ಎದ್ದು ಹೋಗಿ, ಚರ್ಚಿನ ಟೋಪಿ ಇಡುವ ದುಂಡು ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟಳು. ಟೋಪಿಯ ಕೆಳಗೆ ಪುಸ್ತಕ, ಪುಸ್ತಕದೊಳಗೆ ಪೆನ್ಸಿಲ್.

ಟಿಯಾನಾ ಮೊದಲು ಕೈ ಹಾಕಿದಳು. ಒಂದೊಂದೇ ಪುಟ ತಿರುವುತ್ತಾ ಹೋದಳು. ಆ ಪದ ಬಂದಲ್ಲೆಲ್ಲ ಪೆನ್ಸಿಲಿನ ಒಂದು ಗೀಟು, ಮೇಲೆ ಅಜ್ಜಿಯ ನಡುಗುವ ಅಕ್ಷರದಲ್ಲಿ ಒಂದೊಂದು ಹೆಸರು. ಥಿಯೊಡೊರ್. ಅಮೋಸ್. ವಿಲ್ಲರ್ಡ್. ಆಲ್ಟನ್.

"ಏನಿದು, ಅಜ್ಜಿ?"

"ನಮ್ಮ ಕಾಲಕ್ಕೆ ನಮ್ಮ ಶಾಲೆ ಬೇರೆ, ಬಿಳಿಯರ ಶಾಲೆ ಬೇರೆ. ಅವರು ಓದಿ ಬಿಸಾಕಿದ ಪುಸ್ತಕ ನಮಗೆ ಬರೋದು. ಇದೂ ಹಾಗೇ ಬಂತು. ಮಿಸ್ ರುತೀನಾ ಅಂತ ನಮ್ಮ ಟೀಚರ್ರು. ಆ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಗೀಟು ಹೊಡೀರಿ, ಮೇಲೆ ನಿಮ್ಮ ನಿಮ್ಮ ಮನೆ ಗಂಡಸರ ಹೆಸರು ಬರೀರಿ, ಆಮೇಲೆ ಗಟ್ಟಿಯಾಗಿ ಓದಿ ಅಂದ್ರು. ನಮ್ಮ ಕ್ಲಾಸಲ್ಲಿ ಒಬ್ಬರೂ ನಗಲಿಲ್ಲ."

ಮಾರ್ಕೆಲ್ ತಂಗಿಯ ಭುಜದ ಮೇಲಿಂದ ಬಗ್ಗಿ, ಕಣ್ಣಿಗೆ ಬಿದ್ದ ಸಾಲನ್ನು ಓದತೊಡಗಿದ. "'ಏ ಮಾರ್ಕೆಲ್, ಬೆನ್ನು ಬಗ್ಗಿಸು. ಹೊತ್ತು ಮುಳುಗೋಕೆ ಇನ್ನೂ...'" ಅಲ್ಲಿಗೇ ನಿಂತ. ಪುಟ ಸರಸರ ತಿರುವಿ ರೇಗಿದ, "ನನ್ನ ಹೆಸರು ಎಷ್ಟು ಸಲ ಬರೆದಿದೀಯ? ಅಪ್ಪನದು ಎರಡೇ ಇದೆ!"

"ನಿಮ್ಮಪ್ಪ ನನಗೆ ಅಷ್ಟು ಯೋಚನೆ ಕೊಟ್ಟೋನಲ್ಲ."

ಆಲ್ಟನ್ ಇದ್ಯಾವುದನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ನಾಳೆ ಇದನ್ನ ಹೇಗೆ ಕೊಡೋದು? ಬೀಗ ಹಾಕಿಟ್ಟಿದ್ದ ಪುಸ್ತಕದಲ್ಲಿ ನನ್ನ ಹೆಸರು, ನನ್ನ ಮಗನ ಹೆಸರು! ಉಗ್ರಾಣದಲ್ಲಿ ಕೂತು ಇಲಿ ಬರೀತು ಅನ್ನಲಾ?"

"ಇಲ್ಲಿ ಕೊಡಿ" ಎಂದಳು ಕಾರ್ಲೆಟಾ. ಟಿಯಾನಾಳ ಶಾಲೆಯ ಚೀಲದಿಂದ ರಬ್ಬರ್ ತೆಗೆದಳು. ತಟ್ಟೆ ಸರಿಸಿ, ಪುಸ್ತಕ ಹರವಿಕೊಂಡು ಒಂದು ಕಡೆಯಿಂದ ಉಜ್ಜತೊಡಗಿದಳು. ಥಿಯೊಡೊರ್ ಹೋದ. ಅಮೋಸ್ ಹೋದ. ಅಜ್ಜಿ ತುಟಿ ಬಿಗಿದು ನೋಡುತ್ತಿದ್ದಳು, ಬೇಡ ಎನ್ನಲಿಲ್ಲ. ಮಗನ ಕೆಲಸವಲ್ಲವೇ. ವಿಲ್ಲರ್ಡ್ ಹೋದ. ಇನ್ನೊಂದು ಹೆಸರಿನ ಮೇಲೆ ರಬ್ಬರ್ ಎರಡು ಸಲ ಆಡಿತು, ನಿಂತಿತು.

"ಲೂಷಿಯಸ್" ಎಂದು ಓದಿದಳು ಕಾರ್ಲೆಟಾ. ಆಮೇಲೆ ಇಷ್ಟು ವಾರಗಳಲ್ಲಿ ಮೊದಲ ಸಲ ನೇರ ಅತ್ತೆಯ ಕಡೆ ತಿರುಗಿದಳು. "ಇದು ನಮ್ಮಪ್ಪನ ಹೆಸರು."

"ಹ್ಞೂ."

"ನಮ್ಮಪ್ಪನ ಕಂಡ್ರೆ ನಿಮಗೆ ಆಗ್ತಿರಲಿಲ್ಲ. ಮದುವೇಲಿ ಪಕ್ಕದಲ್ಲಿ ಕೂತು ಫೋಟೋ ತೆಗೆಸ್ಕೊಳ್ಳೋಕೂ ಒಪ್ಪಲಿಲ್ಲ."

"ಈಗ್ಲೂ ಆಗಲ್ಲ. ಕುಡಿದು ಬಂದು ನನ್ನ ಹೂವಿನ ಗಿಡದ ಮೇಲೆ ಕಾರು ಹತ್ತಿಸ್ದ." ಅಜ್ಜಿ ಮೇಜಿನ ಮೇಲೆ ಬಿದ್ದ ರಬ್ಬರಿನ ಪುಡಿಯನ್ನು ಬೆರಳಿಂದ ಗುಡ್ಡೆ ಮಾಡಿದಳು. "ನೀನು ಎಣಿಸಿದ್ದು ತೊಂಬತ್ತೊಂದು. ನನ್ನ ಕಡೆ ಅಷ್ಟು ಗಂಡಸರಿಲ್ಲ, ನಿನ್ನ ಕಡೆಯೋರನ್ನೂ ಸೇರಿಸ್ಕೊಂಡೆ. ಮತ್ತೆ ಅವನೂ ಈ ಮೇಜಲ್ಲಿ ಉಂಡೋನು ತಾನೇ. ಅವನನ್ನ ಬೈಯೋಕೆ ನಾನಿದೀನಿ. ಬೇರೆಯೋರು ಆ ಮಾತು ಅನ್ನೋ ಹಾಗಿಲ್ಲ."

ಕಾರ್ಲೆಟಾ ಪುಸ್ತಕದ ಮೇಲಿನ ಪುಡಿಯನ್ನು ಊದಿದಳು. ಪೆನ್ಸಿಲ್ ತೆಗೆದುಕೊಂಡು, ಮಾಸಿದ್ದ ಹೆಸರಿನ ಮೇಲೆ ಒತ್ತಿ ಬರೆದಳು. ಆಮೇಲೆ ಹಿಂದಕ್ಕೆ ಹೋಗಿ ವಿಲ್ಲರ್ಡ್, ಅಮೋಸ್, ಥಿಯೊಡೊರ್, ಅಳಿಸಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಮತ್ತೆ ಕೂರಿಸಿದಳು.

"ಕಾರ್ಲೆಟಾ, ನನ್ನ ಕೆಲಸ!" ಎಂದ ಆಲ್ಟನ್.

"ಅವರು ಎಣಿಸೋದು ಪುಸ್ತಕ, ಪುಟ ಅಲ್ಲ" ಎಂದಳು ಅವಳು. ದನಿಯಲ್ಲಿ ಧೈರ್ಯಕ್ಕಿಂತ ಹಠವೇ ಹೆಚ್ಚಿತ್ತು. "ಅಮ್ಮ, ಇನ್ನೆಷ್ಟು ಬಾಕಿ?"

"ಮೂರು."

"ನನ್ನ ತಮ್ಮಂದಿರು ಇಬ್ಬರಿದಾರೆ. ಮೂರನೇದು?"

"ಜೂನಸ್ ಅಂತಾನೇ ಬರಿ" ಎಂದಳು ಟಿಯಾನಾ. "ಅವನಿಗೂ ಒಂದಿರಲಿ."

ಕಾರ್ಲೆಟಾ 'ಅಮ್ಮ' ಎಂದದ್ದನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಅಜ್ಜಿ ಎದ್ದು ಸೊಪ್ಪಿನ ಪಾತ್ರೆ ತಂದು ಸೊಸೆಯ ತಟ್ಟೆಗೆ ಬಡಿಸಿದಳು.

*

ಶುಕ್ರವಾರ ಬೆಳಿಗ್ಗೆ ಆಲ್ಟನ್‌ನ ಸೊಂಟ ಮತ್ತೆ ಕೈಕೊಟ್ಟಿತು. ನಸುಕಿಗೇ ಉಗ್ರಾಣಕ್ಕೆ ಮುಟ್ಟಿಸಿದ್ದ ಎರಡು ಪೆಟ್ಟಿಗೆಗಳನ್ನು ಮಾರ್ಕೆಲ್ಲೇ ಹೊತ್ತು ಅಲ್ಲಿಂದ ಗ್ರಂಥಾಲಯಕ್ಕೆ ತರಬೇಕಾಯಿತು. ಆರು ವರ್ಷದ ಮೇಲೆ ಆ ಕಾರಿಡಾರಿನಲ್ಲಿ ನಡೆದ. ಎದ್ದು ಬಂದಿದ್ದ ಕೋಣೆಯ ಬಾಗಿಲು ಹಾಗೇ ಇತ್ತು, ಬಣ್ಣ ಮಾತ್ರ ಬೇರೆ.

ಹ್ಯಾಲೋವೆಲ್ ಕೈಕಟ್ಟಿ ದೂರ ನಿಂತ. ಪುಸ್ತಕ ಮುಟ್ಟಿದರೆ ಎಲ್ಲಿ ಅಂಟುತ್ತದೋ ಎಂಬ ಹಾಗೆ. ಮಿಸ್ ಐಪಾಕ್ ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟು ಎಣಿಸಿದಳು. ಕಂದು ಹೊದಿಕೆಯದು ಬಂದಾಗ ಹುಬ್ಬೇರಿಸಿದಳು. ಇನ್ನೊಂದನ್ನು ತೆರೆದಾಗ ಅದರೊಳಗಿಂದ ಚೂರು ಕೂದಲು ಉದುರಿತು. ಮತ್ತೊಂದನ್ನು ಮೂಗಿನ ಹತ್ತಿರ ಹಿಡಿದು, ಆಲ್ಟನ್‌ನ ಮುಖ ನೋಡಿದಳು. ಆಲ್ಟನ್ ಗೋಡೆಯ ಗಡಿಯಾರ ನೋಡಿದ.

"ಏನದು?" ಎಂದ ಹ್ಯಾಲೋವೆಲ್.

"ಉಗ್ರಾಣದ ತೇವ ಇರಬೇಕು, ಸಾರ್. ಪೆಟ್ಟಿಗೆ ಮೇಲೆ ಹೆಸರಿದ್ದಿದ್ರೆ ಒಣಗಿರೋ ಕಡೆ ಇಡ್ತಿದ್ರು" ಎಂದಳು ಮಿಸ್ ಐಪಾಕ್.

ಮೂವತ್ನಾಲ್ಕು. ಮೂವತ್ತೈದು. ಕೊನೆಯದನ್ನು ಅವಳು ತೆರೆದಳು. ಒಂದು ಪುಟ ಓದಿದಳು, ಇನ್ನೊಂದು ತಿರುವಿದಳು. ಬೆರಳು ಒಂದು ಹೆಸರಿನ ಮೇಲೆ ನಿಂತಿತು, ಕಣ್ಣು ಮೇಲೆದ್ದು ಮಾರ್ಕೆಲ್‌ನ ಅಂಗಿಯ ಮೇಲೆ ಹೊಲಿದಿದ್ದ ಅದೇ ಹೆಸರಿಗೆ ಬಂತು. ಟೈರ್ ಅಂಗಡಿಯ ಅಂಗಿ. ಬದಲಿಸಿ ಬರಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವನು ಕಣ್ಣು ತಗ್ಗಿಸಲಿಲ್ಲ. ಬೇಕಾದರೆ ಕೇಳಲಿ, ಹೇಳುತ್ತೇನೆ ಎಂದು ನಿಂತ.

"ಎಷ್ಟು?" ಎಂದ ಹ್ಯಾಲೋವೆಲ್.

ಮಿಸ್ ಐಪಾಕ್ ಪುಸ್ತಕ ಮುಚ್ಚಿದಳು. "ಮೂವತ್ತಾರು. ಸರಿ ಇದೆ" ಎಂದು ಅದನ್ನು ಸಮಿತಿಯವರಿಗಾಗಿ ತೆಗೆದಿಟ್ಟ ಆರರ ಮೇಲೆ ಏಳನೆಯದಾಗಿ ಇಟ್ಟಳು.

ಹ್ಯಾಲೋವೆಲ್ ಸಹಿ ಹಾಕಿ ಹೊರಟುಹೋದ. ಆಲ್ಟನ್ ಗೋಡೆಗೆ ಒರಗಿದ.

ಸಂಜೆ ಮನೆಯಲ್ಲಿ ಎರಡು ವಾರದ ಊಟವನ್ನು ಆಲ್ಟನ್ ಒಂದೇ ಸಲಕ್ಕೆ ಉಂಡ. ಕರಿದ ಮೀನು, ಸೊಪ್ಪು, ಮತ್ತೆ ಮೀನು. ಉಪ್ಪು ಎರಡು ಸಲ ಬಿದ್ದಿತ್ತು, ಅವನಿಗೆ ಗೊತ್ತಾಗಲೂ ಇಲ್ಲ.

"ಮುಂದಿನ ತಿಂಗಳು ಸಮಿತಿ ಮುಂದೆ ನಾನು ಮಾತಾಡ್ತೀನಿ" ಎಂದಳು ಕಾರ್ಲೆಟಾ. "ಅರ್ಜಿ ವಾಪಸ್ ತಗೊಳ್ಳಲ್ಲ. ಆ ಹುಡುಗ ಹಾಗೆ ಚೀಪಿ ಚೀಪಿ ಓದೋದಕ್ಕೆ ನಾನು ಒಪ್ಪಲ್ಲ. ಓದಿಸೋದಾದ್ರೆ ಮಿಸ್ ರುತೀನಾ ಓದಿಸಿದ ಹಾಗೆ ಓದಿಸ್ಲಿ. ನೀನೇನಂತೀಯ, ಟಿಯಾನಾ?"

"ಅಷ್ಟು ಹೇಳಿದ್ರೆ ನಾನು ಕ್ಲಾಸಲ್ಲಿ ಕೂರ್ತೀನಿ" ಎಂದಳು ಟಿಯಾನಾ. "ಅಂತೂ ಒಬ್ಬರು ನನ್ನ ಕೇಳಿದ್ರಿ."

ಮಾರ್ಕೆಲ್ ಮೀನಿನ ಮುಳ್ಳು ತೆಗೆಯುತ್ತಾ, ಏನೂ ಅಲ್ಲವೆಂಬಂತೆ ಕೇಳಿದ. "ಅಜ್ಜಿ, ಜೂನಸ್ ಆ ಹೊಳೆ ದಾಟ್ತಾನಾ?"

"ಹೇಳಬೇಡಿ!" ಕಾರ್ಲೆಟಾ ಕೈ ಎತ್ತಿದಳು. "ನಾನು ಅಲ್ಲಿಗೆ ಬಂದಿಲ್ಲ. ಮಾರ್ಕೆಲ್ ತಂದಿಟ್ಟಿದ್ದರಲ್ಲಿ ಓದ್ತಿದ್ದೆ, ನೂರ ನಲವತ್ತನೇ ಪುಟಕ್ಕೆ ನಿಂತೆ."

ಎಲ್ಲರೂ ಅವಳನ್ನೇ ನೋಡಿದರು. ಅವಳು ನೀರು ಕುಡಿದು, ಬಾಯಿ ಒರೆಸಿಕೊಂಡು, ಗಂಡನ ಕಡೆ ತಿರುಗಿದಳು.

"ಆಲ್ಟನ್, ಸಮಿತಿಗೆ ಹೋದದ್ದು ಏಳು. ಮಿಕ್ಕ ಇಪ್ಪತ್ತೊಂಬತ್ತು ಮತ್ತೆ ಉಗ್ರಾಣಕ್ಕೆ ಹೋಯ್ತು. ಆ ಉಗ್ರಾಣದ ಬೀಗದಕೈ ಇನ್ನೂ ನಿನ್ನ ಹತ್ರಾನೇ ಇದೆಯಾ?"

ಆಲ್ಟನ್ ಕೈಯಲ್ಲಿದ್ದ ಮೀನು ತಟ್ಟೆಗೆ ಬಿತ್ತು. ಎರಡೂ ಕೈಯಿಂದ ಪ್ಯಾಂಟಿನ ಜೇಬು ಮುಚ್ಚಿಕೊಂಡ. ಮೊದಲು ನಕ್ಕವಳು ಅಜ್ಜಿ, ಆಮೇಲೆ ಟಿಯಾನಾ. ಮಾರ್ಕೆಲ್ ನಗಬಾರದು ಎಂದು ಕೂತಿದ್ದವನು, ಬಾಯಲ್ಲಿದ್ದ ತುತ್ತು ನುಂಗಿಕೊಂಡು, ಎಲ್ಲರಿಗಿಂತ ಜೋರಾಗಿ ನಕ್ಕ.